ಯಾಬೇಷಿಗೆ ಓಡಿಬಂದ ಏಳು ಸಾವಿರ ಜನ

ಕುಂಬಾರಕೊಪ್ಪಲು, ಮೈಸೂರು
ಭಾನುವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಅಕ್ಕಾ,

ಜ್ವರ ಪೂರ್ತಿ ಬಿಟ್ಟಿತೇ? ಹೋದ ಭಾನುವಾರ ಫೋನಿನಲ್ಲಿ ನಿನ್ನ ದನಿ ಬಾವಿಯ ಒಳಗಿಂದ ಬಂದ ಹಾಗಿತ್ತು. ‘ಮಲೇರಿಯಾ ಅಷ್ಟೇ, ಈ ಗುಡ್ಡದಲ್ಲಿ ಎಲ್ಲರಿಗೂ ಬರುತ್ತೆ’ ಅಂತ ನೀನಂದ ಮಾತನ್ನು ಅವ್ವ ಇನ್ನೂ ಒಪ್ಪಿಲ್ಲ. ‘ನರ್ಸಮ್ಮನೇ ಮಲಗಿಬುಟ್ರೆ ಅವಳ್ನ ನೋಡ್ಕೊಳ್ಳೋರು ಯಾರು’ ಅಂತ ವಾರವೆಲ್ಲ ಗೊಣಗಿದಳು. ಹುಚ್ಚೆಳ್ಳು ಚಟ್ನಿಪುಡಿಯನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇವೆ. ಆಸ್ಪತ್ರೆಯ ರೋಗಿಗಳಿಗೆಲ್ಲ ಹಂಚಿ ಡಬ್ಬಿ ತೊಳೆದಿಡಬಾರದಂತೆ, ನೀನು ತಿನ್ನಬೇಕಂತೆ. ಇದು ಅವ್ವನ ಅಪ್ಪಣೆ. ಅವಳ ಮಂಡಿನೋವು ಚಳಿ ಶುರುವಾದ ಮೇಲೆ ಸ್ವಲ್ಪ ಹೆಚ್ಚಾಗಿದೆ. ನಾನು ಚೆನ್ನಾಗಿದ್ದೇನೆ, ಕಂಪ್ಯೂಟರ್ ಮುಂದೆ ಕೂತು ಕೂತು ಕತ್ತು ಹಿಡಿದುಕೊಳ್ಳುವುದೊಂದು ಬಿಟ್ಟರೆ. ಅಪ್ಪನ ಆರೋಗ್ಯದ ಬಗ್ಗೆ ನೀನು ಯಾವತ್ತೂ ಬಾಯಿಬಿಟ್ಟು ಕೇಳುವುದಿಲ್ಲ, ಅವ್ವ ಮಾತ್ರ ತಾನಾಗಿಯೇ ಹೇಳುತ್ತಾಳೆ. ಈ ಸಲ ನಾನೇ ಹೇಳುತ್ತೇನೆ. ಎಪ್ಪತ್ತಾರು ತುಂಬಿತು, ಬಿ.ಪಿ. ಹತೋಟಿಯಲ್ಲಿದೆ, ಕಣ್ಣು ಹದ್ದಿನ ಕಣ್ಣೇ.

ಈ ಕಾಗದ ಅಪ್ಪನ ವಿಷಯವೇ. ಎರಡು ಸಲ ಫೋನಿನಲ್ಲಿ ಹೇಳಲು ಹೋಗಿ ಸೋತೆ. ನಿನ್ನ ಕಡೆಯ ಸಿಗ್ನಲ್ಲು ಅರ್ಧಕ್ಕೆ ಕಡಿದುಹೋಗುತ್ತದೆ, ನಮ್ಮ ಕಡೆ ಅವರು ಪಕ್ಕದ ಕೋಣೆಯಲ್ಲೇ ಪೇಪರ್ ಹಿಡಿದು ಕೂತಿರುತ್ತಾರೆ. ನೀನು ಕ್ರೈಸ್ತಳಾಗಿ ಕಾನ್ವೆಂಟಿನ ಸಿಸ್ಟರ್ ಆಗುತ್ತೇನೆಂದು ಹೇಳಿದ ದಿನ ಅವರು ಬಾಬಾಸಾಹೇಬರ ಪಟದ ಕೆಳಗೆ ನಿಂತು ಆಡಿದ ಮಾತು ನಮ್ಮಿಬ್ಬರಿಗೂ ಬಾಯಿಪಾಠವಾಗಿದೆ: ‘ಒಂದು ದೇವ್ರ ಮನೆಯಿಂದ ಹೊರಗ್ ಬರೋಕೆ ನಮಗೆ ಸಾವಿರ ವರ್ಷ ಹಿಡೀತು. ನೀನು ಇನ್ನೊಂದ್ರೊಳಕ್ಕೆ ನಡ್ಕಂಡ್ ಹೋಗ್ತೀನಿ ಅಂತೀಯಲ್ಲವ್ವ.’ ಆ ಮೇಲೆ ಹನ್ನೊಂದು ವರ್ಷ ನಿನ್ನ ಹೆಸರನ್ನು ಅವರು ಎತ್ತಲಿಲ್ಲ. ನೀನು ರಜೆಯಲ್ಲಿ ಮೈಸೂರಿಗೆ ಬಂದರೂ ಕಾನ್ವೆಂಟಿನಲ್ಲೇ ಉಳಿಯುತ್ತಿದ್ದೆ. ನಾನೂ ಅವ್ವನೂ ಮಾರ್ಕೆಟ್ಟಿಗೆ ಹೋಗುತ್ತೇವೆಂದು ಸುಳ್ಳು ಹೇಳಿ ಮೃಗಾಲಯದ ಗೇಟಿನ ಹತ್ತಿರ ನಿನ್ನನ್ನು ನೋಡಿ ಬರುತ್ತಿದ್ದೆವು. ಸುಳ್ಳು ಅಂತ ಅಪ್ಪನಿಗೂ ಗೊತ್ತಿತ್ತು. ಖಾಲಿ ಚೀಲ ನೋಡಿಯೂ ಏನೂ ಕೇಳುತ್ತಿರಲಿಲ್ಲ. ಹೀಗಿದ್ದ ಅಪ್ಪ ಮೂರು ತಿಂಗಳಿಂದ ಬೈಬಲ್ಲಿನ ಬಗ್ಗೆ ಬರೆದ ಪುಸ್ತಕವೊಂದರ ಕರಡು ತಿದ್ದುತ್ತಿದ್ದಾರೆ ಅಂದರೆ ನಂಬುತ್ತೀಯಾ? ಅದು ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಕೂತುಕೊಂಡು ಓದು.

ಆಗಸ್ಟ್ ತಿಂಗಳಲ್ಲಿ ಒಬ್ಬರು ಮುದುಕಿ ಆಟೋದಿಂದ ಇಳಿದು, ಬಟ್ಟೆಚೀಲ ತಬ್ಬಿಕೊಂಡು ನನ್ನ ಡಿ.ಟಿ.ಪಿ. ಅಂಗಡಿಗೆ ಬಂದರು. ಹೆಸರು ಅಂಬುಜಾ. ಹೆಸರು ಕೇಳಿ ನಾನು ಅಂದುಕೊಂಡದ್ದೇ ಬೇರೆ, ಅವರು ಮೂರು ತಲೆಮಾರಿನ ಕ್ರೈಸ್ತರು. ಅಜ್ಜಿ ಇಟ್ಟ ಹೆಸರಂತೆ. ಪಾದ್ರಿಗಳಾಗುವವರಿಗೆ ನಲವತ್ತು ವರ್ಷ ಹೀಬ್ರೂ ಭಾಷೆ ಕಲಿಸಿ, ನಿವೃತ್ತರಾಗಿ ಗೋಕುಲಂನಲ್ಲಿ ಒಬ್ಬರೇ ಇದ್ದಾರೆ. ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆಗಿದ್ದಾರೆ. ಹಳೆಯ ಒಡಂಬಡಿಕೆಯಲ್ಲಿ ಸೌಲನೆಂಬುವನು ಇಸ್ರಾಯೇಲರ ಮೊದಲ ಅರಸನಾಗುವ ಭಾಗವಿದೆಯಲ್ಲ, ನಿನಗೆ ನಾನೇನು ಹೇಳುವುದು, ಅದನ್ನು ಮೇಡಂ ಹೀಬ್ರೂವಿನಿಂದ ನೇರವಾಗಿ ಕನ್ನಡಕ್ಕೆ ತಂದು, ಕೆಳಗೆ ಟಿಪ್ಪಣಿ ಬರೆದಿದ್ದಾರೆ. ಆ ಕಾಲದ ಚರಿತ್ರೆ ಏನು, ಹಸ್ತಪ್ರತಿಗಳು ಎಲ್ಲಿ ಸಿಕ್ಕವು, ಒಂದರಲ್ಲಿರುವುದು ಇನ್ನೊಂದರಲ್ಲಿ ಯಾಕಿಲ್ಲ, ಎಲ್ಲವೂ ಅದರಲ್ಲಿದೆ. ‘ನಮ್ಮ ಜನ ಇದು ಆಕಾಶದಿಂದ ಬಿತ್ತು ಅಂದ್ಕೊಂಡಿದ್ದಾರಮ್ಮ’ ಎಂದರು. ‘ಕೈಯಿಂದ ಕೈಗೆ ಬಂತು ಅಂತ ಗೊತ್ತಾದ್ರೆ ಇನ್ನೂ ಹೆಚ್ಚು ಬೆರಗಾಗ್ತಾರೆ.’ ಅವರ ಕಣ್ಣು ಮಂಜಾಗುತ್ತಿದೆ. ಪೂರ್ತಿ ಹೋಗುವುದರೊಳಗೆ ಅಚ್ಚಾಗಿ ನೋಡಬೇಕೆಂಬ ಆತುರ. ನನಗೆ ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಅವತ್ತು ಸಂಜೆ ಅಪ್ಪ ಆ ಕೈಬರಹದ ಕಟ್ಟಿನ ಮೇಲಿದ್ದ ಪುಸ್ತಕದ ಹೆಸರನ್ನು ಓದಿದರು. ‘ಈ ಕೆಲ್ಸ ಅಂಗ್ಡೀಲೇ ಇಟ್ಕೊ. ಮನೆಗೆ ತರಬ್ಯಾಡ’ ಅಂದರು, ಅಷ್ಟೇ. ಆದರೆ ಅಂಗಡಿಯಲ್ಲಿ ಹಗಲೆಲ್ಲ ಲಗ್ನಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟು. ಮೇಡಂ ಕೆಲಸವನ್ನು ಮುಂಜಾನೆ ಮನೆಯಲ್ಲೇ ಮಾಡದೆ ನನಗೆ ದಾರಿಯಿರಲಿಲ್ಲ. ಅಪ್ಪ ಕಾಫಿ ಲೋಟ ಹಿಡಿದು ನನ್ನ ಹಿಂದಿನಿಂದ ಹಾದುಹೋಗುತ್ತಿದ್ದರು, ತೆರೆಯನ್ನು ನೋಡದ ಹಾಗೆ. ನಾಲ್ಕನೆಯ ದಿನ ನಿಂತರು. ‘ಮೂರ್ನೇ ಸಾಲು. “ಅರಸನೂ” ಅಂತ ಐತೆ, “ಅರಸನು” ಅಲ್ವಾ?’ ಅಂದರು. ಸರಿಯಾಗಿಯೇ ಹೇಳಿದ್ದರು. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕಂಪೋಸಿಟರಾಗಿ ಸೀಸದ ಅಚ್ಚುಮೊಳೆ ಜೋಡಿಸಿ, ಆಮೇಲೆ ಕರಡು ತಿದ್ದಿದ ಮನುಷ್ಯ. ಅಕ್ಷರ ಕಲಿತದ್ದೇ ಆ ಮೊಳೆಗಳನ್ನು ಹೆಕ್ಕುತ್ತಾ. ತಪ್ಪು ಕಣ್ಣಿಗೆ ಬಿದ್ದರೆ ಅದು ಯಾವ ದೇವರ ಪುಸ್ತಕ ಎಂಬುದೆಲ್ಲ ಅವರಿಗೆ ಆಮೇಲೆ.

ಅವರನ್ನು ನಿಜವಾಗಿ ಹಿಡಿದು ಕೂರಿಸಿದ್ದು ಮೇಡಂ ಬರೆದ ಒಂದು ಟಿಪ್ಪಣಿ. ಸೌಲನನ್ನು ಅರಸನೆಂದು ಸಾರಿದಾಗ ಕೆಲವರು ಅವನನ್ನು ಹಂಗಿಸುತ್ತಾರೆ. ನಾವೆಲ್ಲ ಓದುವ ಪಾಠದಲ್ಲಿ ಅಲ್ಲಿ ‘ಅವನು ಸುಮ್ಮನಿದ್ದನು’ ಎಂದಿದೆ. ಆದರೆ ಹಳೆಯ ಗ್ರೀಕ್ ಅನುವಾದದಲ್ಲಿ ಆ ಜಾಗದಲ್ಲಿ ‘ಸುಮಾರು ಒಂದು ತಿಂಗಳಾದ ಮೇಲೆ’ ಎಂದಿದೆಯಂತೆ. ಎಲ್ಲಿಯ ಮೌನ, ಎಲ್ಲಿಯ ತಿಂಗಳು! ಕಾರಣ ಇಷ್ಟೇ. ಹೀಬ್ರೂವಿನಲ್ಲಿ ‘ದ’ ಮತ್ತು ‘ರ’ ನೋಡಲು ಅಣ್ಣತಮ್ಮಂದಿರ ಹಾಗೆ. ಮೂಲೆ ಚೂಪಾಗಿದ್ದರೆ ಒಂದು, ದುಂಡಗಿದ್ದರೆ ಇನ್ನೊಂದು. ಎಲ್ಲೋ ಯಾರೋ ಒಬ್ಬ ನಕಲುಗಾರ ಒಂದನ್ನು ಇನ್ನೊಂದಾಗಿ ಓದಿರಬೇಕು ಎಂದು ವಿದ್ವಾಂಸರ ಊಹೆ. ನಾನು ಇದನ್ನು ಗಟ್ಟಿಯಾಗಿ ಓದಿಕೊಂಡು ಟೈಪ್ ಮಾಡುತ್ತಿದ್ದೆ. ಅಪ್ಪ ಲೋಟ ಕೆಳಗಿಟ್ಟರು. ‘ಇನ್ನೊಂದ್ಸಲ ಓದು’ ಅಂದರು. ಓದಿದೆ. ‘ಇದು ಪಂಡಿತರ ತಪ್ಪಲ್ಲ ಕಣವ್ವ. ನಮ್ಮೋರ ತಪ್ಪು. “ಪ” ಮೊಳೆ ಇಡೋ ಮನೇಲಿ “ವ” ಬಿದ್ದಿರ್ತದೆ, ಕೈಗೆ ಸಿಕ್ದಂಗೆ ಜೋಡ್ಸಿಬುಡ್ತೀವಿ. ಒಂದ್ ಗೆರೆ ವ್ಯತ್ಯಾಸ. ಪುಸ್ತಕ ಅಚ್ಚಾಗೋಗ್ತದೆ, ಜನ ಅದನ್ನೇ ಸತ್ಯ ಅಂತ ಓದ್ಕೋತಾರೆ’ ಅಂದರು. ‘ಎಷ್ಟು ವರ್ಷ ಆಯ್ತಂತೆ?’ ಎಂದು ಕೇಳಿದರು. ಎರಡು ಸಾವಿರಕ್ಕೂ ಮೇಲೆ ಅಂದೆ. ಮರುದಿನ ಬೆಳಗ್ಗೆ ನನಗಿಂತ ಮೊದಲೇ ಎದ್ದು, ಕೆಂಪು ಪೆನ್ನು ಹಿಡಿದು ನನ್ನ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಅವ್ವ ಅಡಿಗೆಮನೆಯಿಂದ ಬಗ್ಗಿ ನೋಡಿ, ಏನೂ ಕಾಣದವಳಂತೆ ಒಳಗೆ ಹೋದಳು.

ಆಮೇಲೆ ದಿನಾ ನಮ್ಮಿಬ್ಬರದು ಒಂದು ಪದ್ಧತಿಯಾಯಿತು. ಮೇಡಂ ಕೈಬರಹವನ್ನು ಅಪ್ಪ ಗಟ್ಟಿಯಾಗಿ ಓದುತ್ತಾರೆ, ನಾನು ಟೈಪ್ ಮಾಡಿದ್ದನ್ನು ತಾಳೆ ನೋಡುತ್ತೇನೆ. ಅವರ ಬಾಯಲ್ಲಿ ಆ ಹೆಸರುಗಳನ್ನು ನೀನು ಕೇಳಬೇಕಿತ್ತು! ಸೌಲ, ನಾಹಾಷ, ಯಾಬೇಷ್ ಗಿಲ್ಯಾದ್ ಎಲ್ಲವೂ ನಂಜನಗೂಡಿನ ಕಡೆಯವೇ ಅನ್ನಿಸಬೇಕು. ಮಧ್ಯೆ ಮಧ್ಯೆ ವಾದವೂ ಇತ್ತು. ಅರಸ ಬೇಡ, ಬಂದರೆ ನಿಮ್ಮ ಹೊಲ ಗದ್ದೆ ಮಕ್ಕಳನ್ನೆಲ್ಲ ಕಿತ್ತುಕೊಳ್ಳುತ್ತಾನೆ ಎಂದು ಮುದಿ ಪ್ರವಾದಿ ಜನರಿಗೆ ಎಚ್ಚರಿಸುವ ಕಡೆ ಬಂದಾಗ ಅಪ್ಪ ಪೆನ್ನು ನಿಲ್ಲಿಸಿ, ‘ಇವನ್ಯಾರು, ನಮ್ಮೋನ್ ಇದ್ದಂಗವ್ನೆ’ ಅಂದರು. ಇನ್ನೊಂದು ಕಡೆ ಸಿಟ್ಟಾಗಿ ಹಾಳೆಯನ್ನೇ ಪಕ್ಕಕ್ಕಿಟ್ಟರು. ಎಲ್ಲವನ್ನೂ ಮೆಚ್ಚಿದರು ಅಂತ ತಿಳಿಯಬೇಡ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಸೌಲ ಅರಸನಾದ ಹೊಸದರಲ್ಲಿ ಅಮ್ಮೋನಿಯರ ರಾಜ ನಾಹಾಷ ಯಾಬೇಷ್ ಗಿಲ್ಯಾದ್ ಎಂಬ ಊರಿಗೆ ಮುತ್ತಿಗೆ ಹಾಕುತ್ತಾನೆ. ಊರಿನವರು ಒಪ್ಪಂದಕ್ಕೆ ಬಂದರೆ, ನಿಮ್ಮೆಲ್ಲರ ಬಲಗಣ್ಣು ಕೀಳಿಸಿಕೊಂಡರೆ ಮಾತ್ರ ಒಪ್ಪಂದ ಎನ್ನುತ್ತಾನೆ. ಯಾಕೆ ಇಂಥ ಕ್ರೂರ ಷರತ್ತು? ನಾವು ಓದುವ ಬೈಬಲ್ಲಿನಲ್ಲಿ ಕಾರಣವಿಲ್ಲ, ಆ ಮನುಷ್ಯ ಇದ್ದಕ್ಕಿದ್ದಂತೆ ಎಲ್ಲಿಂದಲೋ ಬಂದುಬಿಡುತ್ತಾನೆ. ಆದರೆ ೧೯೫೨ರಲ್ಲಿ ಮೃತ ಸಮುದ್ರದ ಹತ್ತಿರ ಅಲೆಮಾರಿ ಅರಬರು ಒಂದು ಗುಹೆಯಲ್ಲಿ ಬಾವಲಿ ಹಿಕ್ಕೆಯ ನಡುವೆ ತೊಗಲಿನ ಸುರುಳಿಗಳ ಸಾವಿರಾರು ಚೂರುಗಳನ್ನು ಕಂಡರು. ಅದರಲ್ಲಿ ಒಂದು ಸುರುಳಿಯಲ್ಲಿ ಈ ಕಥೆಗೆ ಮುಂಚೆ ಇನ್ನೊಂದು ಪೂರ್ತಿ ಪ್ಯಾರಾ ಇದೆ! ನಾಹಾಷ ಹೊಳೆಯಾಚೆಯ ಜನರನ್ನೆಲ್ಲ ಹಿಂಸಿಸಿ ಅವರ ಬಲಗಣ್ಣು ಕೀಳಿಸಿದ್ದ, ಅವರಲ್ಲಿ ಏಳು ಸಾವಿರ ಜನ ಮಾತ್ರ ತಪ್ಪಿಸಿಕೊಂಡು ಯಾಬೇಷ್ ಗಿಲ್ಯಾದಿಗೆ ಓಡಿಬಂದರು, ತಿಂಗಳು ಕಳೆದ ಮೇಲೆ ಅವನು ಬೆನ್ನಟ್ಟಿ ಬಂದ ಎಂದು. ಒಂದನೆಯ ಶತಮಾನದ ಒಬ್ಬ ಯೆಹೂದಿ ಇತಿಹಾಸಕಾರನಿಗೆ ಈ ಸಂಗತಿ ಗೊತ್ತಿತ್ತಂತೆ. ಆಮೇಲೆ ಸುಮಾರು ಎರಡು ಸಾವಿರ ವರ್ಷ ಬೈಬಲ್ಲಿನ ಪ್ರತಿಗಳಲ್ಲಿ ಆ ಪ್ಯಾರಾ ಯಾರ ಕಣ್ಣಿಗೂ ಬೀಳಲಿಲ್ಲ. ಇಷ್ಟು ಜನ ಇಷ್ಟು ಸಲ ಓದಿದ ಪುಸ್ತಕದಲ್ಲಿ! ಟೈಪ್ ಮಾಡುವುದನ್ನು ನಿಲ್ಲಿಸಿ ಆ ಟಿಪ್ಪಣಿಯನ್ನು ಮತ್ತೆ ಮೊದಲಿನಿಂದ ಓದಿದೆ ಅಕ್ಕಾ. ನಿನಗಿದು ಮೊದಲೇ ಗೊತ್ತಿತ್ತೋ ಏನೋ.

ಮರುದಿನ ಅದೇ ಪುಟವನ್ನು ತಾಳೆ ನೋಡುವಾಗ ಅಪ್ಪ ಓದುತ್ತಾ ಹೋದರು, ನಾನು ‘ಇಲ್ಲ, ಇದು ಇಲ್ಲ’ ಅಂದೆ. ಒಂದು ವಾಕ್ಯ ನನ್ನ ತೆರೆಯ ಮೇಲೆ ಇರಲೇ ಇಲ್ಲ. ಮೇಡಂ ಕೈಬರಹದಲ್ಲಿ ಒಂದು ಸಾಲು, ಏಳು ಸಾವಿರ ಜನ ಬಂದು ಸೇರಿದ್ದು ಯಾಬೇಷ್ ಗಿಲ್ಯಾದನ್ನು ಎಂದು ಮುಗಿಯುತ್ತದೆ. ಅದರ ಕೆಳಗಿನ ಸಾಲು, ತಿಂಗಳಾದ ಮೇಲೆ ನಾಹಾಷ ಮುತ್ತಿದ್ದು ಯಾಬೇಷ್ ಗಿಲ್ಯಾದನ್ನು ಎಂದು ಮುಗಿಯುತ್ತದೆ. ನನ್ನ ಕಣ್ಣು ಮೊದಲ ಯಾಬೇಷಿನಿಂದ ಎರಡನೆಯ ಯಾಬೇಷಿಗೆ ಜಿಗಿದು, ನಡುವಿನದೆಲ್ಲ ಬಿಟ್ಟುಹೋಗಿತ್ತು. ಅಪ್ಪ ನಕ್ಕರು. ‘ಸಾಲು ಹಾರ್ಸಿದ್ದೀಯ. ಒಂದೇ ಮಾತು ಎರಡ್ ಕಡೆ ಬಂದ್ರೆ ಕಣ್ಣು ಜಾರ್ತದೆ. ನಾನೂ ಎಷ್ಟ್ ಸಲ ಬೈಸ್ಕಂಡಿದ್ದೀನಿ’ ಅಂದರು. ತಿದ್ದಿದೆವು. ಅಷ್ಟಕ್ಕೇ ಮುಗಿಯಬೇಕಿತ್ತು.

ಆ ಶನಿವಾರ ಮೇಡಂಗೆ ಕರಡು ಕೊಡಲು ಹೊರಟಾಗ ಅಪ್ಪ, ‘ನಾನೂ ಬತ್ತೀನಿ ನಡಿ’ ಅಂದರು. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡರು. ಚಾಪೆ ಬಗಲಲ್ಲಿಟ್ಟುಕೊಂಡ ಬಿಳಿಯರ ಮಧ್ಯೆ ದಾರಿ ಮಾಡಿಕೊಂಡು ಮೇಡಂ ಮನೆ ಸೇರಿದೆವು. ಅಪ್ಪ ಕೂರುವ ಮೊದಲೇ ಕೇಳಿಬಿಟ್ಟರು: ‘ಇಷ್ಟು ತಪ್ಪಿರೋ ಪುಸ್ತಕ ದೇವ್ರದ್ದು ಹೆಂಗಾಯ್ತದೆ ಮೇಡಂ?’ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ತಪ್ಪು ಮನುಷ್ಯರದ್ದು ಕಣ್ರೀ. ಅವರ ತಪ್ಪು ಹುಡುಕ್ತಾ ಹುಡುಕ್ತಾ ಅವರ ಮೇಲೇ ನನಗೆ ಪ್ರೀತಿ ಬಂದುಬಿಟ್ಟಿದೆ. ದೇವರ ವಿಷಯ ಆಮೇಲೆ ಜಗಳ ಆಡೋಣ, ಮೊದಲು ಕಾಫಿ ಕುಡೀರಿ’ ಅಂದರು. ನಾನು ಸಂಕೋಚಪಡುತ್ತಲೇ ಸಾಲು ಹಾರಿಸಿದ ಸಂಗತಿ ಹೇಳಿದೆ. ಮೇಡಂ ಲೋಟ ಹಿಡಿದ ಕೈ ಹಾಗೇ ನಿಂತಿತು. ‘ಯಾವ ಜಾಗದಲ್ಲಿ? ಸರಿಯಾಗಿ ಹೇಳಮ್ಮ’ ಅಂದರು. ಹೇಳಿದೆ. ಅವರು ಎದ್ದು, ಬೀರುವಿನಿಂದ ದೊಡ್ಡದೊಂದು ಫೋಟೋ ತಂದು ಮೇಜಿನ ಮೇಲೆ ಹರಡಿದರು. ಆ ಸುರುಳಿಯ ಚೂರು. ಹೆಂಚಿನ ಮೇಲೆ ಸೀದ ರೊಟ್ಟಿಯಂತೆ ಕಪ್ಪಗೆ, ಅಂಚೆಲ್ಲ ತಿಂದುಹೋಗಿ, ಮೇಲೆ ಸಾಲು ಸಾಲು ಅಕ್ಷರ. ‘ಏನೂ ಹೇಳಲ್ಲ. ನೀವೇ ನೋಡಿ ಸಣ್ಣಮಾದಯ್ಯನವರೇ’ ಎಂದು ಅಪ್ಪನಿಗೆ ಹೇಳಿದರು.

ಅಪ್ಪನಿಗೆ ಆ ಲಿಪಿಯ ಒಂದಕ್ಷರವೂ ಬಾರದು. ಬಲದಿಂದ ಎಡಕ್ಕೆ ಓದಬೇಕು ಎಂದಾಗ ಮಾತ್ರ, ‘ಅದೇನ್ ದೊಡ್ಡದಲ್ಲ, ಜೋಡ್ಸಿಟ್ಟ ಮೊಳೆನೂ ಕನ್ನಡೀಲಿ ನೋಡ್ದಂಗೆ ಉಲ್ಟಾನೇ ಕಾಣೋದು’ ಅಂದರು. ಕನ್ನಡಕ ಏರಿಸಿ, ತೋರುಬೆರಳನ್ನು ಫೋಟೋದಿಂದ ಒಂದಿಂಚು ಮೇಲೆ ಹಿಡಿದು ಸಾಲು ಸಾಲಾಗಿ ಇಳಿಯುತ್ತಾ ಬಂದರು. ಬೆರಳು ಒಂದು ಕಡೆ ನಿಂತಿತು. ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಚಿಕ್ಕ ಚಿಕ್ಕ ಅಕ್ಷರಗಳನ್ನು ಒತ್ತಿ ಒತ್ತಿ ತುರುಕಿದ್ದರು. ಅಪ್ಪ ತಲೆಯೆತ್ತಲಿಲ್ಲ. ‘ಇಲ್ಲಿ ಸಾಲು ಹಾರ್ಸವ್ನೆ. ಆಮೇಲೆ ಗೊತ್ತಾಗಿ ಮೇಲ್ಗಡೆ ತುಂಬವ್ನೆ’ ಅಂದರು. ಮೇಡಂ ನನ್ನ ಕೈ ಹಿಡಿದುಕೊಂಡರು. ಅಕ್ಕಾ, ಅದು ಅದೇ ಜಾಗ. ಆ ನಕಲುಗಾರನ ಕಣ್ಣೂ ಮೊದಲ ಯಾಬೇಷಿನಿಂದ ಎರಡನೆಯ ಯಾಬೇಷಿಗೆ ಜಿಗಿದಿತ್ತು. ತಿಂಗಳಾದ ಮೇಲೆ ನಾಹಾಷ ಬಂದ ಎಂಬ ಅದೇ ಮಾತು ಅವನಿಂದಲೂ ಬಿಟ್ಟುಹೋಗಿತ್ತು. ಕ್ರಿಸ್ತ ಹುಟ್ಟುವುದಕ್ಕೂ ಮುಂಚೆ, ಮರಳುಗಾಡಿನ ಸೆಕೆಯಲ್ಲಿ ಕೂತು ನಕಲು ಮಾಡುತ್ತಿದ್ದ ಯಾರೋ ಒಬ್ಬ ಮತ್ತು ಕುಂಬಾರಕೊಪ್ಪಲಿನ ಈ ಧರಣಿ, ಇಬ್ಬರೂ ಒಂದೇ ಕಡೆ ಎಡವಿದ್ದೆವು. ನನಗೆ ಭಯದಂಥದೊಂದು ಸಂತೋಷವಾಯಿತು. ಯಾರೋ ಬೆನ್ನ ಹಿಂದೆ ಬಂದು ನಿಂತ ಹಾಗೆ. ನೀನು ಪ್ರಾರ್ಥನೆಯಲ್ಲಿ ಆಗುತ್ತದೆ ಅನ್ನುತ್ತಿದ್ದೆಯಲ್ಲ, ಅದು ಹೀಗೇ ಇರುತ್ತದೋ ಏನೋ, ನನಗೆ ತಿಳಿಯದು.

ಅಪ್ಪ ಆ ಚೂರನ್ನು ಬಹಳ ಹೊತ್ತು ನೋಡಿದರು. ‘ತೊಗಲಾ?’ ಎಂದು ಕೇಳಿದರು. ಹೌದು ಎಂದರು ಮೇಡಂ. ‘ಹದ ಮಾಡ್ದೋನು ಕೆಲ್ಸ ಬಲ್ಲೋನು. ಎರಡ್ ಸಾವಿರ ವರ್ಷ ತಡ್ಕೊಂಡಿದೆ. ಬರ್ದೋನ ಹೆಸ್ರೂ ಇಲ್ಲ, ತೊಗಲು ಹದ ಮಾಡ್ದೋನ ಹೆಸ್ರೂ ಇಲ್ಲ ಅಲ್ವಾ?’ ಇಲ್ಲ ಎಂದರು. ಆಮೇಲೆ ಮೇಡಂ ಒಂದು ಕೆಲಸ ಮಾಡಿದರು. ವಿದ್ವಾಂಸರಲ್ಲಿ ಎರಡು ಪಕ್ಷವಿದೆ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಓಡಿಬಂದ ಏಳು ಸಾವಿರ ಜನರ ಆ ಪ್ಯಾರಾ ಮೂಲದಲ್ಲೇ ಇದ್ದು ಯಾರೋ ನಕಲುಗಾರನ ಕೈಯಲ್ಲಿ ಬಿದ್ದುಹೋಯಿತು ಎಂದು ಒಂದು ಪಕ್ಷ. ಇಲ್ಲ, ಕಣ್ಣು ಕೀಳುವುದಕ್ಕೆ ಕಾರಣ ಬೇಕೆಂದು ಯಾರೋ ಆಮೇಲೆ ಸೇರಿಸಿದರು ಎಂದು ಇನ್ನೊಂದು. ಇನ್ನೂ ತೀರ್ಮಾನವಾಗಿಲ್ಲ. ‘ನೀವು ಮೂವತ್ತೊಂದು ವರ್ಷ ಈ ಕೆಲಸ ಮಾಡಿದವರು. ನಿಮಗೇನನ್ಸುತ್ತೆ?’ ಎಂದು ಕೇಳಿದರು. ಸುಮ್ಮನೆ ಉಪಚಾರಕ್ಕೆ ಕೇಳಿದ್ದಲ್ಲ ಅಕ್ಕಾ. ಪೆನ್ನು ಹಿಡಿದು ಕಾಯುತ್ತಾ ಕೂತರು. ಅಪ್ಪನನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ‘ಎರಡ್ ದಿನ ಕೊಡಿ’ ಅಂದರು ಅಪ್ಪ.

ಎರಡು ದಿನವಲ್ಲ, ಐದು ದಿನ ಆ ಪ್ಯಾರಾ ಇದ್ದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಐದನೆಯ ದಿನ ಸಂಜೆ ನಾನೂ ಅವ್ವನೂ ಅವರೆಕಾಯಿ ಸುಲಿಯುತ್ತಿದ್ದಾಗ ಬಂದು ಎದುರಿಗೆ ಕೂತು, ಇದುವರೆಗೆ ನಮಗ್ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದರು. ನಮ್ಮ ತಾತ ಊರಿನಿಂದ ಕೆಲಸ ಹುಡುಕಿಕೊಂಡು ಮೈಸೂರಿಗೆ ಬಂದರು ಎಂದಲ್ಲವೇ ನಾವು ಕೇಳಿದ್ದು? ಹಾಗಲ್ಲವಂತೆ. ತಾತ ಒಬ್ಬ ಗೌಡರ ಮನೆಯಲ್ಲಿ ಜೀತಕ್ಕಿದ್ದರಂತೆ. ಏನೋ ಎದುರುತ್ತರ ಕೊಟ್ಟದ್ದಕ್ಕೆ ಕಂಬಕ್ಕೆ ಕಟ್ಟಿ ಹೊಡೆಸಿದರಂತೆ. ತುಂಬಿದ ಬಸುರಿ ಅಜ್ಜಿಯನ್ನು ಕರೆದುಕೊಂಡು ಹೊಲದ ಬದುಗಳಲ್ಲೇ ನಡೆದು ಇಲ್ಲಿಗೆ ಬಂದಾಗ, ದೇವಿರಮ್ಮ ಎಂಬ ಕುಂಬಾರರ ಹೆಂಗಸು ಮಡಕೆ ಸುಡುವ ಜಾಗದ ಪಕ್ಕದ ಚಪ್ಪರದಲ್ಲಿ ಜಾಗ ಕೊಟ್ಟಳಂತೆ. ಆಗಿನ ಕಾಲದಲ್ಲಿ, ನಮ್ಮವರಿಗೆ! ವಾರದ ಮೇಲೆ ಗೌಡರ ಆಳುಗಳು ಹುಡುಕಿಕೊಂಡು ಬಂದರಂತೆ. ದೇವಿರಮ್ಮ ಕೈಯಲ್ಲಿ ಮಣ್ಣು ಮೆತ್ತಿಕೊಂಡೇ ಬಾಗಿಲಿಗಡ್ಡ ನಿಂತು, ‘ಇಲ್ಲಿ ಮಡಕೆ ಅವೆ, ಮನ್ಸರಿಲ್ಲ’ ಅಂದಳಂತೆ. ಆ ತಿಂಗಳೇ ಆ ಚಪ್ಪರದಲ್ಲಿ ಅಪ್ಪ ಹುಟ್ಟಿದರು. ‘ಓಡಿಬಂದೋರ ಮಗ ಅಂತ ಹೇಳ್ಕೊಳ್ಳೋಕೆ ನಾಚ್ಕೆ ಇತ್ತವ್ವ’ ಅಂದರು. ‘ಹಂಗಾಗಿ ಆ ಯಮ್ಮನ ಹೆಸ್ರನ್ನೂ ಯಾರ್ಗೂ ಹೇಳ್ದೇ ಇದ್ಬುಟ್ಟೆ.’ ಅವ್ವನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ಮದುವೆಯಾಗಿ ನಲವತ್ತೆರಡು ವರ್ಷ, ಅವಳಿಗೂ ಗೊತ್ತಿರಲಿಲ್ಲ. ಅಪ್ಪ ಜೇಬಿನಿಂದ ಹಾಳೆ ತೆಗೆದು ತೋರಿಸಿದರು. ‘ಈ ಪ್ಯಾರಾ ಇಲ್ದಿದ್ರೆ ಅದು ಬರೀ ಮುತ್ತಿಗೆ ಬಿದ್ದ ಊರು. ಪ್ಯಾರಾ ಇದ್ರೆ, ಓಡಿಬಂದೋರ್ನ ಒಳಕ್ ಬುಟ್ಕೊಂಡ ಊರು. ಕಣ್ಣು ಹೋಗೋ ಹಂಗಿದ್ರೂ ಅವ್ರನ್ನ ಹಿಡ್ದು ಕೊಡ್ಲಿಲ್ಲ ನೋಡು. ಅದನ್ನ ಓದ್ದೇನೇ ಜನ ಇಷ್ಟ್ ವರ್ಷ ಮುಂದಕ್ ಹೋಗ್ಬುಟ್ರಲ್ಲ’ ಅಂದರು. ದೀಪ ಹಾಕಲೂ ನಾವು ಏಳಲಿಲ್ಲ.

ನಿನ್ನೆ ಮತ್ತೆ ಗೋಕುಲಂಗೆ ಹೋದೆವು. ಅಪ್ಪ ತಮ್ಮ ಉತ್ತರ ಹೇಳಿದರು. ‘ಸೇರ್ಸೋನು ಚೆಂದ ಮಾಡಿ ಸೇರಿಸ್ತಾನೆ ಮೇಡಂ. ಇದು ಒಣಗಿದ ಮಾತು, ಊರಿನ ಹೆಸ್ರು, ಜನದ ಸಂಖ್ಯೆ, ಅಷ್ಟೇ. ಬಿದ್ದುಹೋದದ್ದೇ ಇರ್ಬೇಕು ಅನ್ಸುತ್ತೆ. ಆದ್ರೆ ನನ್ನ ಮಾತು ನಂಬ್ಬೇಡಿ. ನಾನು ಓಡಿಬಂದೋರ ಮಗ. ಅದು ನಿಜ ಆಗ್ಲಿ ಅಂತ ನನ್ಗೆ ಆಸೆ ಐತೆ. ಆಸೆ ಇರೋನು ಕರಡು ತಿದ್ದಬಾರ್ದು.’ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ‘ನಲವತ್ತು ವರ್ಷ ದೊಡ್ಡ ದೊಡ್ಡವರ ಸಭೆಗಳಲ್ಲಿ ಕೂತಿದ್ದೀನಿ. ತನಗೆ ಯಾವ ಕಡೆ ಆಸೆ ಇದೆ ಅಂತ ಮೊದಲೇ ಹೇಳಿ ಮಾತಾಡಿದವರನ್ನ ಇವತ್ತೇ ನೋಡಿದ್ದು’ ಅಂದರು. ಎರಡು ಪಕ್ಷವನ್ನೂ ಕೊಟ್ಟು, ಕೆಳಗೆ ಅಪ್ಪನ ಮಾತನ್ನು ಅವರ ಹೆಸರಿನಲ್ಲೇ ಹಾಕುತ್ತಾರಂತೆ. ‘ಮೊಳೆ ಜೋಡಣೆಗಾರ’ ಎಂದು ಬರೆದಿದ್ದರು. ಅಪ್ಪ ಕೆಂಪು ಪೆನ್ನು ತೆಗೆದು ಹೊಡೆದುಹಾಕಿ ‘ಕಂಪೋಸಿಟರ್’ ಎಂದು ತಿದ್ದಿದರು.

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತು, ‘ಧರಣಿ ಒಬ್ಬಳೇನಾ ಮಗಳು?’ ಎಂದು ಕೇಳಿದರು. ನಾನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಅಪ್ಪ ಮೆಟ್ಟಿಲ ಮೇಲಿಂದ ಮೇಡಂ ಕಡೆ ತಿರುಗಿದರು. ‘ಇಬ್ರು. ದೊಡ್ಡೋಳು ಯಶೋಧಾ. ನಿಮ್ಮ ಕಡೆ ಸೇರ್ಕೊಂಡು, ಕುಷ್ಠರೋಗಿಗಳ ಆಸ್ಪತ್ರೇಲಿ ನರ್ಸಾಗವ್ಳೆ. ಬೇರೆಯೋರು ಬಾಗ್ಲು ಹಾಕ್ಕೊಳ್ಳೋ ಜನಕ್ಕೆ ಅವ್ಳು ಗಾಯ ತೊಳೀತಾಳೆ’ ಅಂದರು. ನಾನು ಚಪ್ಪಲಿಯನ್ನು ಎಡಗಾಲಿನದು ಬಲಕ್ಕೆ ಹಾಕಿಕೊಂಡಿದ್ದೆ ಅಂತ ಗೊತ್ತಾದದ್ದು ಗೇಟಿನ ಹತ್ತಿರ ಬಂದ ಮೇಲೆ. ಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ಮೂರು ಸಲ ಕೇಳಿದಳು, ಹೆಸರು ಹಿಡಿದೇ ಅಂದರಾ ಎಂದು.

ಔಷಧಿ ಮುಗಿಯುವ ತನಕ ಮಾತ್ರೆ ಬಿಡಬೇಡ, ರೋಗಿಗಳಿಗೆ ನೀನು ಹೇಳುವುದನ್ನೇ ನಿನಗೂ ಹೇಳಿಕೋ. ಅವ್ವ ತಲೆ ಸವರಿದಳೆಂದು ತಿಳಿದುಕೋ. ನಿನ್ನ ಜೊತೆಯ ಸಿಸ್ಟರುಗಳಿಗೆ, ಮುಖ್ಯವಾಗಿ ಜ್ವರದಲ್ಲಿ ನಿನಗೆ ಗಂಜಿ ಕಾಯಿಸಿಕೊಟ್ಟವರಿಗೆ ನಮ್ಮೆಲ್ಲರ ನಮಸ್ಕಾರ.

ನಿನ್ನ ತಂಗಿ,
ಧರಣಿ

ಸೋಮವಾರ ಬೆಳಗ್ಗೆ, ಅವಸರದಲ್ಲಿ: ಲಕೋಟೆ ಅಂಟಿಸುತ್ತಿದ್ದೆ. ಜನವರಿಯಲ್ಲಿ ನಿನ್ನ ರಜೆ ಎಂದು ಅವ್ವ ಬೇಕೆಂದೇ ಅಪ್ಪನ ಮುಂದೆ ಬಾಯಿ ಜಾರಿಸಿದಳು. ಅಪ್ಪ ಶೇವಿಂಗ್ ಬ್ರಷ್ ಹಿಡಿದೇ ಹೊರಗೆ ಬಂದರು. ಯಾವ ರೈಲು, ಯಾವ ತಾರೀಕು ಎಂದು ಕೇಳಿ ಬರೆಯಬೇಕಂತೆ, ಸ್ಟೇಷನ್ನಿಗೆ ತಾವೇ ಬರುತ್ತಾರಂತೆ. ‘ಕಾನ್ವೆಂಟಿಗೆ ಯಾಕ್ ಹೋಗ್ಬೇಕು, ಮನೆ ಇಲ್ವಾ? ಶಿಲುಬೆ ಹಾಕ್ಕೊಂಡೇ ಬರ್ಲಿ. ದೇವ್ರ ವಿಷ್ಯಕ್ಕೆ ನಾನು ಅವ್ಳ ಹತ್ರ ಜಗಳ ಆಡೋದೈತೆ, ಅದನ್ನೂ ಬರಿ’ ಅಂದರು. ಬರೆದಿದ್ದೇನೆ.